ಆಯುಧ ಪೂಜೆಗೆ ಮುಂಚೆ ಮಕ್ಕಳ ಸೈಕಲ್ ಪೆಡಲ್ ಒಮ್ಮೆ ಬಿಚ್ಚಿ ನೋಡಿ

ಸಂಪಾದಕರಿಗೆ ನಮಸ್ಕಾರ,

ನಾನು ಕೊಡಗಿನ ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ವಿಷಯ ಸೈಕಲ್ ಪೆಡಲ್. ಇನ್ನು ಕೆಲವೇ ದಿನದಲ್ಲಿ ಆಯುಧ ಪೂಜೆ. ಕಾರು, ಬೈಕು, ಮಕ್ಕಳ ಸೈಕಲ್ ಎಲ್ಲ ತೊಳೆದು, ಕುಂಕುಮ ಇಟ್ಟು, ಚೆಂಡು ಹೂವಿನ ಹಾರ ಹಾಕುತ್ತೇವೆ. ಅದಕ್ಕೆ ಮುಂಚೆ ಈ ಪತ್ರ ಬಂದರೆ ಯಾವುದಾದರೂ ಒಂದು ಮಗುವಿಗೆ ಏಟಾಗುವುದು ತಪ್ಪಬಹುದು ಅಂತ ಬರೆಯುತ್ತಿದ್ದೇನೆ.

ನನ್ನ ಮಗಳು ಒಂಬತ್ತನೇ ಕ್ಲಾಸು. ಶಾಲೆ ನಾಲ್ಕು ಕಿಲೋಮೀಟರ್ ದೂರ, ದಿನಾ ಸೈಕಲ್‌ನಲ್ಲೇ ಹೋಗಿ ಬರುತ್ತಾಳೆ. ಜೂನ್ ಮಳೆ ಹಿಡಿದ ಹತ್ತು ಹದಿನೈದು ದಿನಕ್ಕೇ ಎಡಗಡೆ ಪೆಡಲ್ ಕಿರ್ ಕಿರ್ ಅನ್ನಲು ಶುರುವಾಯಿತು. 'ಅಪ್ಪಾ, ಸೈಕಲ್ ಅಳ್ತಾ ಇದೆ' ಅಂತ ಮೂರ್ನಾಲ್ಕು ಸಲ ಹೇಳಿದಳು. ನಾನು 'ಮಳೆಗಾಲ ಅಲ್ವಾ ಮಗಾ, ಬಿಸಿಲು ಬಂದ ಮೇಲೆ ಸರಿಹೋಗುತ್ತೆ' ಅಂದು ಅಡುಗೆ ಮನೆಯಿಂದ ತೆಂಗಿನೆಣ್ಣೆ ತಂದು ನಾಲ್ಕು ಹನಿ ಬಿಟ್ಟೆ. ಎರಡು ದಿನ ಶಬ್ದ ನಿಂತಿತು. ಆಮೇಲೆ ಮತ್ತೆ ಶುರು. ಕಕ್ಕಡ ತಿಂಗಳ (ಜುಲೈ ನಡುವಿನಿಂದ) ಹೊತ್ತಿಗೆ ಕಿರ್ ಕಿರ್ ಹೋಗಿ ಟಕ್ ಟಕ್ ಆಗಿತ್ತು. ಶಬ್ದ ಬದಲಾಯಿತು ಅಂದರೆ ಒಳಗೆ ಏನೋ ಬದಲಾಗಿದೆ ಅಂತ ಅರ್ಥ, ತೋಟದ ಮಿಷನ್‌ಗಳ ನಡುವೆ ಇರುವ ನನಗೆ ಅದು ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಆಗಸ್ಟ್ ಕೊನೆಯ ವಾರ ಸಂಜೆ ಶಾಲೆಯಿಂದ ಬರುವಾಗ ಇಳಿಜಾರಿನ ತಿರುವಿನಲ್ಲಿ, ಮೈಭಾರ ಎಲ್ಲ ಎಡಗಾಲಿನ ಮೇಲೆ ಇರುವಾಗ, ಪೆಡಲ್ ಕಿತ್ತು ಬಂತು. ಗದ್ದಕ್ಕೆ ನಾಲ್ಕು ಹೊಲಿಗೆ ಬಿತ್ತು, ಮೊಣಕಾಲು ಚರ್ಮ ಎದ್ದು ಹೋಯಿತು. ಹಿಂದೆ ಯಾವ ಗಾಡಿಯೂ ಬರುತ್ತಿರಲಿಲ್ಲ, ಅದೊಂದೇ ಪುಣ್ಯ.

ಮಾರನೇ ದಿನ ನಾನು ಆ ತಿರುವಿಗೆ ಹೋಗಿ ಚರಂಡಿಯಿಂದ ಪೆಡಲ್ ಹುಡುಕಿ ತಂದೆ. ಮನೆ ಜಗಲಿಯಲ್ಲಿ ಕೂತು ನೋಡಿದರೆ ಪೆಡಲ್ ನಡುವಿನ ಕಂಬಿಯಾದ ಆಕ್ಸಲ್‌ನ ತಿರುಪಿನ ಸಂದಿನಲ್ಲೆಲ್ಲ ಬೆಳ್ಳಿ ಬಣ್ಣದ ಸುರುಳಿ ಸುರುಳಿ ಚೂರು. ಪೆಡಲ್ ಕೂರುವ ತೋಳು, ಅಂದರೆ ಕ್ರಾಂಕ್ ಅಲ್ಯೂಮಿನಿಯಂದು, ಆಕ್ಸಲ್ ಸ್ಟೀಲು. ಗಟ್ಟಿಯಾದ ಸ್ಟೀಲು ಮೆದು ಅಲ್ಯೂಮಿನಿಯಂನ ತಿರುಪನ್ನು ಎರಡು ತಿಂಗಳು ನಿಧಾನವಾಗಿ ತುರಿದು ಹಾಕಿದೆ. ಕ್ರಾಂಕ್‌ನ ತೂತಿನೊಳಗೆ ಬೆರಳಿಟ್ಟರೆ ನುಣ್ಣಗೆ, ತಿರುಪು ಇದ್ದ ಗುರುತೇ ಇಲ್ಲ. ಗ್ರೀಸ್ ಅಂತ ಒಂದು ಚೂರೂ ಇರಲಿಲ್ಲ, ಇದ್ದದ್ದು ಕೆಂಪು ತುಕ್ಕು. ಎರಡು ವರ್ಷದ ಹಿಂದೆ ಜಿಲ್ಲೆಯ ಹೊರಗೆ ಒಂದು ದೊಡ್ಡ ಅಂಗಡಿಯಲ್ಲಿ ತೆಗೆದುಕೊಂಡ ಸೈಕಲ್ ಅದು. ನಾವು ಎದುರಿಗಿನ ಹೋಟೆಲಿನಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಪೆಟ್ಟಿಗೆ ಬಿಚ್ಚಿ ಜೋಡಿಸಿ ಕೊಟ್ಟಿದ್ದರು. ಪೆಡಲನ್ನು ಒಣಗೇ, ಸ್ವಲ್ಪ ಓರೆಯಾಗಿ, ಜೋರಿನಲ್ಲಿ ತಿರುಗಿಸಿ ಕೂರಿಸಿದ್ದರು. ಇದನ್ನು ನಾನು ಊಹೆ ಮಾಡಿ ಹೇಳುತ್ತಿಲ್ಲ, ನಮ್ಮ ಕಾಕ ತೋರಿಸಿಕೊಟ್ಟದ್ದು.

ಕಾಕ ಅಂದರೆ ಹಿಂದೆ ನಮ್ಮ ಕಡೆ ಸೈಕಲ್ ಶಾಪ್ ಇಟ್ಟಿದ್ದವರು. ನಾವು ಹುಡುಗರಾಗಿದ್ದಾಗ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದರು. ಶಾಪ್ ಮುಚ್ಚಿ ವರ್ಷಗಳಾಯಿತು, ಈಗ ಮಗನ ಮೊಬೈಲ್ ಅಂಗಡಿಯಲ್ಲಿ ಕೂತಿರುತ್ತಾರೆ. ಪೆಡಲ್ ಕೈಗೆ ತೆಗೆದುಕೊಂಡು ಆಕ್ಸಲ್ ತುದಿಯನ್ನು ಬೆಳಕಿಗೆ ಹಿಡಿದು, 'ನೋಡು ಮೋನೆ, ಮೊದಲ ಎರಡು ಸುತ್ತು ತಿರುಪು ಒಂದು ಕಡೆ ಮಾತ್ರ ಚಪ್ಪಟೆ ಆಗಿದೆ. ಓರೆ ಹೋಗಿದ್ದಕ್ಕೇ ಹೀಗಾಗೋದು. ಕಿರ್ ಅಂದ ದಿನವೇ ತಂದಿದ್ದರೆ ಐದು ನಿಮಿಷದ ಕೆಲಸ' ಅಂದರು. ಆ ಮಾತು ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಕೊಡಗಿನಲ್ಲಿ ಸೈಕಲ್ ತುಳಿಯುವವರು ಯಾರಿದ್ದಾರೆ ಅಂತ ಕೆಲವರು ಕೇಳುತ್ತಾರೆ. ಇದ್ದಾರೆ. ಕುಶಾಲನಗರ, ಗೋಣಿಕೊಪ್ಪ ಕಡೆ ಸ್ವಲ್ಪ ಸಮ ಇರುವ ರಸ್ತೆಗಳಲ್ಲಿ ಬೆಳಿಗ್ಗೆ ನಿಂತು ನೋಡಿ. ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳು, ಬಸ್ಸಿನ ಟೈಮಿಗೆ ಕಾಯಲಾಗದವರು, ಹಾಲು ಹಾಕುವವರು ಎಲ್ಲ ಇದ್ದಾರೆ. ಸರ್ಕಾರ 2006-07ರಲ್ಲಿ ಹೈಸ್ಕೂಲ್ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಎಷ್ಟೋ ಮನೆಗೆ ಮೊದಲ ಸಲ ಸೈಕಲ್ ಬಂತು. ಅದರಲ್ಲಿ ಎಷ್ಟೋ ಈಗ ಸೌದೆ ಕೊಟ್ಟಿಗೆಯಲ್ಲಿ ಗೋಡೆಗೆ ಒರಗಿ ನಿಂತಿವೆ. ಕೇಳಿದರೆ 'ಅದು ಶಬ್ದ ಮಾಡುತ್ತೆ, ಹಾಳಾಗಿದೆ' ಅನ್ನುತ್ತಾರೆ. ಶಬ್ದ ಮಾಡುವ ಸೈಕಲ್ ಹಾಳಾದ ಸೈಕಲ್ ಅಲ್ಲ. ಗ್ರೀಸ್ ಕೇಳುತ್ತಿರುವ ಸೈಕಲ್.

ನಮ್ಮ ಜಿಲ್ಲೆಯಲ್ಲಿ ಈ ತೊಂದರೆ ಬೇರೆ ಕಡೆಗಿಂತ ಜಾಸ್ತಿ, ಅದಕ್ಕೆ ಕಾರಣ ಎರಡು. ಒಂದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಡಲ್ ಒಣಗುವುದೇ ಇಲ್ಲ. ರಸ್ತೆಯ ಕೆಂಪು ಮಣ್ಣಿನ ನೀರು ಕೆಳಗಿನಿಂದ ಎಗರಿ ಸೀದಾ ಅಲ್ಲಿಗೇ ಹೊಡೆಯುತ್ತದೆ, ಇದ್ದ ಗ್ರೀಸನ್ನು ತೊಳೆದು, ಆ ಜಾಗಕ್ಕೆ ಸಣ್ಣ ಮರಳು ತುಂಬುತ್ತದೆ. ಇನ್ನೊಂದು ಏರು. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್, ಅಷ್ಟರಲ್ಲಿ ಸುಮಾರು 300 ಮೀಟರ್ ಎತ್ತರ ಹತ್ತುತ್ತೇವೆ. ಮಕ್ಕಳು ಅಷ್ಟು ದೂರ ಹೋಗುವುದಿಲ್ಲ ನಿಜ, ಆದರೆ ಮನೆಯಿಂದ ಶಾಲೆಗೆ ಎರಡು ಏರು ಇದ್ದೇ ಇರುತ್ತದೆ. ಏರಿನಲ್ಲಿ ಸೀಟಿನಿಂದ ಎದ್ದು ನಿಂತು ತುಳಿಯುತ್ತಾರೆ. ಆಗ ಇಡೀ ದೇಹದ ಭಾರ ಹೆಬ್ಬೆರಳು ದಪ್ಪದ ಒಂದು ಕಬ್ಬಿಣದ ತುಂಡಿನ ಮೇಲೆ ಬೀಳುತ್ತದೆ. ಸಮತಟ್ಟಾದ ಊರಿನಲ್ಲಿ ಒಣ ಪೆಡಲ್ ವರ್ಷಗಟ್ಟಲೆ ಸುಮ್ನೆ ಇರಬಹುದು, ನಮ್ಮಲ್ಲಿ ಇರುವುದಿಲ್ಲ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಷನ್ ವಿಷಯದಲ್ಲಿ ನಾವು ಹೀಗೆ ಮಾಡುತ್ತೇವಾ? ಕಾಫಿ ಕುಯ್ಲು ಶುರುವಾಗುವ ಮುಂಚೆ ಪಲ್ಪರ್ ಬಿಚ್ಚಿ, ಬೇರಿಂಗ್ ನೋಡಿ, ಗ್ರೀಸ್ ತುಂಬಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡದೆ ಯಾವ ತೋಟದಲ್ಲೂ ಬೆಲ್ಟ್ ಹಾಕುವುದಿಲ್ಲ. ಕಳೆ ಕೊಚ್ಚುವ ಮಿಷನ್‌ಗೂ ಹಾಗೆಯೇ, ಔಷಧಿ ಹೊಡೆಯುವ ಪಂಪಿಗೂ ಹಾಗೆಯೇ. ಮಕ್ಕಳು ಹತ್ತಿ ಇಳಿಜಾರಿನಲ್ಲಿ ಹೋಗುವ ಸೈಕಲ್‌ಗೆ ಮಾತ್ರ ವರ್ಷಕ್ಕೊಮ್ಮೆ ಗಾಳಿ ಹೊಡೆಸಿದರೆ ಆಯಿತು ಅಂದುಕೊಂಡಿದ್ದೇವೆ.

ಕಾಕನ ಹತ್ತಿರ ಕೂತು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಶಬ್ದ ಎಲ್ಲಿಂದ ಅಂತ ನೋಡಬೇಕು. ಕಿವಿಯನ್ನು ಪೂರ್ತಿ ನಂಬಬಾರದು, ಏಕೆಂದರೆ ಫ್ರೇಮಿನ ಪೈಪು ಟೊಳ್ಳು, ಸೀಟಿನ ಕೆಳಗಿನ ಶಬ್ದ ಪೆಡಲ್‌ನಿಂದ ಬಂದ ಹಾಗೆ ಕೇಳಿಸುತ್ತದೆ. ತುಳಿಯದೆ ಸುಮ್ನೆ ಉರುಳಿಸಿಕೊಂಡು ಹೋಗುವಾಗಲೂ ಶಬ್ದ ಬಂದರೆ ಅದು ಚಕ್ರದ್ದೋ ಬ್ರೇಕಿನದೋ ಇರಬೇಕು. ಎದ್ದು ನಿಂತು ತುಳಿದಾಗ ನಿಂತುಹೋದರೆ ಸೀಟಿನದು. ಪೆಡಲ್ ಒಂದು ಸುತ್ತು ಬರುವಾಗ ಒಂದೇ ಸಲ, ಅದೂ ಒಂದೇ ಕಾಲು ಒತ್ತಿದಾಗ ಬಂದರೆ ಆ ಕಡೆಯ ಪೆಡಲ್ ಅಥವಾ ಕ್ರಾಂಕ್. ಆಗ ಸೈಕಲ್ ನಿಲ್ಲಿಸಿ ಪೆಡಲನ್ನು ಬೆರಳಿನಲ್ಲಿ ತಿರುಗಿಸಿ. ಒಳಗೆ ಮರಳು ಅರೆದ ಹಾಗೆ ಜರ ಜರ ಅಂದರೆ ಒಳಗಿನ ಬಾಲ್ಸ್ (ಬೇರಿಂಗ್ ಗುಂಡುಗಳು) ಒಣಗಿದೆ. ಕ್ರಾಂಕ್ ಗಟ್ಟಿಯಾಗಿ ಹಿಡಿದು ಪೆಡಲನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಆಕ್ಸಲ್ ಬುಡದಲ್ಲೇ ಅಲುಗಾಡಿದರೆ ತಿರುಪು ಸಡಿಲ, ಆ ಸೈಕಲನ್ನು ಆ ಕ್ಷಣದಿಂದ ಮಗುವಿನ ಕೈಗೆ ಕೊಡಬೇಡಿ. ಹಳೇ ಕಪ್ಪು ಸೈಕಲ್ ಆದರೆ ಕ್ರಾಂಕ್ ಕೂರಿಸಿರುವ ಕಾಟರ್ ಪಿನ್ ಕೂಡ ನೋಡಬೇಕು. ಪಿನ್ ಸವೆದರೆ ಕಾಲಿನ ಅಡಿಗೆ ಟಕ್ ಅಂತ ಸಣ್ಣ ಏಟಿನ ಹಾಗೆ ತಿಳಿಯುತ್ತದೆ. ಪಿನ್ನನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಿ ಆಮೇಲೆ ನಟ್ ಬಿಗಿಯಬೇಕು, ನಟ್ಟಿನಿಂದಲೇ ಪಿನ್ ಎಳೆಯಲು ಹೋದರೆ ತಿರುಪು ಹೋಗುತ್ತದೆ.

ಇನ್ನು ಪೆಡಲ್ ಬಿಚ್ಚುವುದು. ಹೆಚ್ಚಿನವರು ಎಡವುವುದು ಇಲ್ಲೇ. ಬಲಗಡೆ ಪೆಡಲ್ ಎಲ್ಲ ನಟ್ಟಿನ ಹಾಗೆ ಬಲಕ್ಕೆ ತಿರುಗಿಸಿದರೆ ಬಿಗಿ. ಎಡಗಡೆಯದು ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿ. ಗೊತ್ತಿಲ್ಲದವರು ಬಿಚ್ಚುತ್ತೇನೆ ಅಂದುಕೊಂಡು ಬಿಗಿಯುತ್ತಲೇ ಹೋಗುತ್ತಾರೆ, ಕೊನೆಗೆ ಪೈಪು ಹಾಕಿ ಎಳೆದು ಕ್ರಾಂಕ್‌ನ ತಿರುಪನ್ನೇ ಕೀಳುತ್ತಾರೆ. ಎಡ ಬಲ ತಲೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ ಅಂದರೆ ಕಾಕ ಹೇಳಿಕೊಟ್ಟ ಲೆಕ್ಕ ಇದು. ಯಾವ ಕಡೆಯ ಪೆಡಲ್ ಆದರೂ ಸರಿ, 15 ನಂಬರ್ ಸ್ಪಾನರ್ ಹಾಕಿ ಅದರ ಹಿಡಿ ಆಕಾಶದ ಕಡೆ ನಿಲ್ಲುವ ಹಾಗೆ ಇಡಿ. ಹಿಡಿಯನ್ನು ಮುಂದಿನ ಚಕ್ರದ ಕಡೆ ಎಳೆದರೆ ಬಿಗಿ, ಹಿಂದಿನ ಚಕ್ರದ ಕಡೆ ತಳ್ಳಿದರೆ ಸಡಿಲ. ಎರಡೂ ಕಡೆಗೆ ಇದೇ ಲೆಕ್ಕ. ಕೆಲವು ಹೊಸ ಪೆಡಲ್‌ಗೆ ಸ್ಪಾನರ್ ಹಿಡಿಯಲು ಜಾಗ ಇರುವುದಿಲ್ಲ, ಕ್ರಾಂಕ್‌ನ ಒಳಗಡೆಯಿಂದ ಅಲೆನ್ ಕೀ ಹಾಕಬೇಕು. ತುಕ್ಕು ಹಿಡಿದು ಕೂತಿದ್ದರೆ ತಿರುಪಿನ ಬುಡಕ್ಕೆ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಬಲಗಡೆ ಬಿಚ್ಚುವಾಗ ಚೈನ್ ವೀಲಿನ ಹಲ್ಲಿಗೆ ಕೈ ತಾಗುತ್ತದೆ, ಹುಷಾರು.

ಎಡಗಡೆ ಯಾಕೆ ಉಲ್ಟಾ ಅಂತ ಮಗಳು ಕೇಳಿದಳು. ನನಗೂ ಗೊತ್ತಿರಲಿಲ್ಲ, ಆಮೇಲೆ ಓದಿ ತಿಳಿದುಕೊಂಡೆ. ಒಂದು ಪೆನ್ಸಿಲನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು, ಹೊರಗಿನ ತುದಿಯನ್ನು ಇನ್ನೊಂದು ಕೈಯಲ್ಲಿ ವೃತ್ತಾಕಾರವಾಗಿ ಸುತ್ತಿಸಿ. ನೀವು ಒಂದು ಕಡೆ ಸುತ್ತಿಸಿದರೆ ಪೆನ್ಸಿಲ್ ಮುಷ್ಟಿಯೊಳಗೆ ನಿಧಾನವಾಗಿ ಅದರ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಪೆಡಲ್ ಆಕ್ಸಲ್ ಕೂಡ ಕ್ರಾಂಕ್‌ನ ತೂತಿನಲ್ಲಿ, ಕಾಲಿನ ಭಾರಕ್ಕೆ, ಕೂದಲೆಳೆಯಷ್ಟು ಅಲುಗುತ್ತಾ ಹೀಗೇ ತಿರುಗಲು ನೋಡುತ್ತದೆ. ಎರಡೂ ಕಡೆ ಒಂದೇ ತರಹ ತಿರುಪು ಇದ್ದರೆ ಎಡಗಡೆಯದು ತುಳಿದ ಹಾಗೆಲ್ಲ ಬಿಚ್ಚಿಕೊಳ್ಳುತ್ತಾ ಹೋಗುತ್ತಿತ್ತು. ವಿಮಾನ ಹಾರಿಸಿದ ರೈಟ್ ಸಹೋದರರು ಅದಕ್ಕೆ ಮುಂಚೆ ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದರು, 1900ರ ಹೊತ್ತಿಗೆ ತಮ್ಮ ಸೈಕಲ್‌ಗೆ ಈ ಉಲ್ಟಾ ತಿರುಪಿನ ಎಡ ಪೆಡಲ್ ಹಾಕಿದ್ದರು. ವಿಮಾನ ಹಾರಿದ್ದು 1903ರಲ್ಲಿ. ಮಗಳಿಗೆ ಇದು ಎಷ್ಟು ಹಿಡಿಸಿತು ಅಂದರೆ ಕ್ಲಾಸಿನಲ್ಲಿ ಪೆನ್ಸಿಲ್ ಹಿಡಿದು ಎಲ್ಲರಿಗೂ ತೋರಿಸಿ ಬಂದಳು. ಆದರೆ ಇಷ್ಟೆಲ್ಲ ವ್ಯವಸ್ಥೆ ಇದ್ದೂ ನಮ್ಮ ಪೆಡಲ್ ಬಿದ್ದದ್ದು ಯಾಕೆ ಅಂದರೆ, ಓರೆಯಾಗಿ ಕೂತ ತಿರುಪಿಗೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ.

ಪೆಡಲ್ ಕೈಗೆ ಬಂದ ಮೇಲೆ ತುದಿಯ ಮುಚ್ಚಳ ತೆಗೆದರೆ ಒಳಗೆ ಲಾಕ್ ನಟ್, ವಾಷರ್, ಬಾಲ್ಸನ್ನು ಒತ್ತಿ ಹಿಡಿಯುವ ಕೋನ್, ಅದರ ಹಿಂದೆ ಬಾಲ್ಸ್. ಒಂದು ತಟ್ಟೆಯ ಮೇಲೆ ಹಳೇ ಬಟ್ಟೆ ಹಾಸಿ ಅದರ ಮೇಲೆ ಬಿಚ್ಚಿ, ಇಲ್ಲದಿದ್ದರೆ ಬಾಲ್ಸ್ ಜಗಲಿಯಿಂದ ಅಂಗಳಕ್ಕೆ ಉರುಳಿ ಹೋಗುತ್ತದೆ. ಒಂದು ಕಡೆ ಎಷ್ಟಿದ್ದವು ಅಂತ ಎಣಿಸಿ ಬರೆದಿಡಿ. ಸಾಧಾರಣವಾಗಿ ಪೆಡಲ್ ಬಾಲ್ಸ್ 5/32 ಇಂಚಿನವು, ಸಾಸಿವೆಗಿಂತ ದಪ್ಪ, ಬಟಾಣಿಗಿಂತ ಸಣ್ಣ. ನಾನು ಬಿಚ್ಚಿದ ಬಲಗಡೆ ಪೆಡಲ್‌ನಲ್ಲಿ ಇದ್ದದ್ದು ಗ್ರೀಸ್ ಅಲ್ಲ, ಇಟ್ಟಿಗೆ ಬಣ್ಣದ ಒಂದು ತರಹದ ಪೇಸ್ಟು. ಬೆರಳಿನಲ್ಲಿ ತಿಕ್ಕಿದರೆ ಮರಳು ಕಚ್ಚುತ್ತಿತ್ತು. ಎಲ್ಲವನ್ನೂ ಡೀಸೆಲ್‌ನಲ್ಲಿ ಅದ್ದಿ ಹಳೇ ಟೂತ್ ಬ್ರಷ್‌ನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ. ಹೊಳಪು ಹೋಗಿ ಕಪ್ಪಾದ ಬಾಲ್ಸ್ ಬಿಸಾಕಿ ಹೊಸದು ತನ್ನಿ, ಬೆಲೆ ಏನೂ ಜಾಸ್ತಿ ಇಲ್ಲ. ಕೋನ್ ಮೇಲೆ ಗುಳಿ ಬಿದ್ದಿದ್ದರೆ ಮಾತ್ರ ಪೆಡಲ್ ಬದಲಾಯಿಸುವುದೇ ಒಳ್ಳೆಯದು. ಬಾಲ್ಸ್ ಕೂರುವ ಬಟ್ಟಲಿನೊಳಗೆ (ಕಪ್) ದಪ್ಪಗೆ ಗ್ರೀಸ್ ಮೆತ್ತಿ ಅದರಲ್ಲಿ ಬಾಲ್ಸ್ ಒಂದೊಂದೇ ಅಂಟಿಸಿ ಕೂರಿಸಿದರೆ ಬೀಳುವುದಿಲ್ಲ. ಆಕ್ಸಲ್ ತೂರಿಸಿ ಕೋನನ್ನು ಬೆರಳಿನಲ್ಲೇ ಬಿಗಿಯಾಗುವವರೆಗೆ ತಿರುಗಿಸಿ, ಒಂದು ಚೂರು ಹಿಂದೆ ಬಿಟ್ಟು ಲಾಕ್ ನಟ್ ಬಿಗಿಯಿರಿ. ಪೆಡಲ್ ಸರಾಗವಾಗಿ ಸುತ್ತಬೇಕು, ಅಲುಗಾಡಬಾರದು. ನನಗೆ ಇದು ಮೂರನೇ ಸಲಕ್ಕೆ ಸರಿಯಾಯಿತು. ಕೆಲವು ಅಗ್ಗದ ಪ್ಲಾಸ್ಟಿಕ್ ಪೆಡಲ್ ಬಿಚ್ಚಲು ಬರುವುದೇ ಇಲ್ಲ, ಅಂಥದ್ದು ಕಿರುಗುಟ್ಟಿದರೆ ಎರಡೂ ಪೆಡಲ್ ಬದಲಾಯಿಸಿಬಿಡಿ.

ವಾಪಸ್ ಹಾಕುವಾಗ ಕ್ರಾಂಕ್‌ನ ತೂತನ್ನೂ ಆಕ್ಸಲ್‌ನ ತಿರುಪನ್ನೂ ಒರೆಸಿ, ತಿರುಪಿಗೆ ಗ್ರೀಸ್ ಹಚ್ಚಬೇಕು. ಕಿರ್ ಶಬ್ದ ಎಷ್ಟೋ ಸಲ ಇಷ್ಟಕ್ಕೇ ಹೋಗುತ್ತದೆ, ಒಳಗೆ ಬಿಚ್ಚುವ ಕೆಲಸವೇ ಇರುವುದಿಲ್ಲ. ಆಕ್ಸಲ್ ಮೇಲೆ ಎಲ್ ಅಂತ ಇದ್ದರೆ ಎಡಕ್ಕೆ, ಆರ್ ಅಂತ ಇದ್ದರೆ ಬಲಕ್ಕೆ. ಮೊದಲ ನಾಲ್ಕೈದು ಸುತ್ತು ಬೆರಳಿನಲ್ಲೇ ಹೋಗಬೇಕು. ಬೆರಳಿಗೆ ಹೋಗದಿದ್ದರೆ ಅಲ್ಲೇ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ನೇರವಾಗಿ ಇಟ್ಟು ಶುರು ಮಾಡಿ. ಸ್ಪಾನರ್ ಮುಟ್ಟಲೇಬೇಡಿ. ನಮ್ಮ ಮಗಳ ಸೈಕಲ್‌ಗೆ ಆ ದಿನ ಯಾರಾದರೂ ಇದೊಂದು ಮಾಡಿದ್ದರೆ ಸಾಕಿತ್ತು. ಕೊನೆಯಲ್ಲಿ ಸ್ಪಾನರ್‌ನಿಂದ ಚೆನ್ನಾಗಿ ಬಿಗಿಯಬೇಕು. ಒಂದು ಅಡಿ ಉದ್ದದ ಸ್ಪಾನರ್ ತುದಿಗೆ 12 ಕೆ.ಜಿ. ಭಾರ ತೂಗು ಹಾಕಿದಷ್ಟು ಬಲ ಸಾಕು.

ಎಣ್ಣೆ ಬಗ್ಗೆ ಒಂದು ಮಾತು. ನಾನು ಮಾಡಿದ ತಪ್ಪನ್ನೇ ಎಲ್ಲರೂ ಮಾಡುತ್ತಾರೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ನಮ್ಮ ಮಳೆಗಾಲದಲ್ಲಿ ಬಾಟಲಿಯಲ್ಲೇ ಬೆಣ್ಣೆಯ ಹಾಗೆ ಕೂತಿರುತ್ತದೆ ಅಲ್ವಾ, ಪೆಡಲ್ ಒಳಗೂ ಹಾಗೇ ಕೂತು ಧೂಳು ಹಿಡಿಯುತ್ತದೆ. ಹೊಲಿಗೆ ಮಿಷನ್ ಎಣ್ಣೆ ಒಂದು ಮಳೆಗೆ ತೊಳೆದು ಹೋಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಅರೆಬರೆ ಉಳಿದ ಗ್ರೀಸೂ ಕರಗಿ ಹರಿದು ಹೋಗಿ, ಒಂದು ವಾರ ಸುಮ್ಮನಿದ್ದು ಆಮೇಲೆ ಜೋರಾಗಿ ಕೂಗುತ್ತದೆ. ಗ್ರೀಸೇ ಬೇಕು. ಇನ್ನೊಂದು, ಆಯುಧ ಪೂಜೆಗೆ ಸೈಕಲನ್ನು ಸರ್ವಿಸ್ ಸ್ಟೇಷನ್‌ಗೆ ಒಯ್ದು ಬೈಕಿನ ಜೊತೆ ಪ್ರೆಷರ್ ಪೈಪಿನಲ್ಲಿ ತೊಳೆಸಬೇಡಿ. ಆ ನೀರು ಸೀದಾ ಪೆಡಲ್, ಹಬ್ ಒಳಗೆ ನುಗ್ಗುತ್ತದೆ. ಬಕೆಟ್ ನೀರು, ಬಟ್ಟೆ ಸಾಕು.

ಹೋದ ತಿಂಗಳು ಕುಶಾಲನಗರಕ್ಕೆ ಹೋದಾಗ ಒಂದು ಗುಜರಿ ಅಂಗಡಿ ಮುಂದೆ ಏಳು ಸೈಕಲ್ ಒಂದರ ಮೇಲೊಂದು ಬಿದ್ದಿದ್ದವು. ಅಭ್ಯಾಸ ಆಗಿಬಿಟ್ಟಿದೆ ನೋಡಿ, ಹೋಗಿ ಒಂದೊಂದರ ಪೆಡಲ್ ತಿರುಗಿಸಿ ನೋಡಿದೆ. ಏಳರಲ್ಲಿ ಐದು ಸೈಕಲ್‌ನ ಫ್ರೇಮ್, ಚಕ್ರ ಚೆನ್ನಾಗಿಯೇ ಇತ್ತು. ಒಣಗಿದ ಪೆಡಲ್, ತುಕ್ಕು ಚೈನು, ಗಾಳಿ ಇಲ್ಲದ ಟಯರು, ಇಷ್ಟೇ ಕಾಯಿಲೆ. ಒಂದನ್ನು 400 ರೂಪಾಯಿ ಕೊಟ್ಟು ತಂದೆ. ಕಾಕ ಮತ್ತು ನಾನು ಒಂದು ಭಾನುವಾರ ಕೂತು ಸರಿ ಮಾಡಿದೆವು. ಎಡಗಡೆ ಪೆಡಲ್ ಮಾತ್ರ ಹೊಸದು ಹಾಕಬೇಕಾಯಿತು. ಈಗ ಅದನ್ನು ಲೈನಿನ ಒಬ್ಬ ಹುಡುಗ ಶಾಲೆಗೆ ತುಳಿಯುತ್ತಿದ್ದಾನೆ. ಮಗಳ ಸೈಕಲ್‌ಗೆ ಎಡಗಡೆ ಕ್ರಾಂಕ್ ಹೊಸದು ಹಾಕಿಸಿದೆ, ಪೆಡಲ್ ಅವಳೇ ಕೂರಿಸಿದಳು.

ನನ್ನ ಕೋರಿಕೆ ಇಷ್ಟು. ಸೈಕಲ್ ಶಾಪ್‌ಗಳು ನಮ್ಮ ಸಣ್ಣ ಊರುಗಳಲ್ಲಿ ಒಂದೊಂದಾಗಿ ಮುಚ್ಚಿವೆ, ಮತ್ತೆ ತೆರೆಯುತ್ತವೆ ಅಂತ ಕಾಯುವುದರಲ್ಲಿ ಅರ್ಥ ಇಲ್ಲ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೆ, ಅಂದರೆ ಗ್ರಂಥಾಲಯಗಳಿಗೆ, ಮಕ್ಕಳು ಹೇಗೂ ಬರುತ್ತಾರೆ. ಅಲ್ಲಿ ಒಂದು ಗಾಳಿ ಪಂಪು, 15 ನಂಬರ್ ಸ್ಪಾನರ್, ಅಲೆನ್ ಕೀ ಸೆಟ್, ಒಂದು ಡಬ್ಬ ಗ್ರೀಸ್ ಇಡಲಿ. ಎಲ್ಲ ಸೇರಿದರೂ ಪಂಚಾಯಿತಿಗೆ ಹೊರೆಯಾಗುವ ಖರ್ಚಲ್ಲ. ಶಾಲೆಗಳಲ್ಲಿ ವರ್ಷಕ್ಕೆ ಎರಡು ಶನಿವಾರ, ಮಳೆಗೆ ಮುಂಚೆ ಒಂದು, ಮಳೆ ಬಿಟ್ಟ ಮೇಲೆ ಒಂದು, ಮಕ್ಕಳ ಕೈಯಲ್ಲೇ ಪೆಡಲ್ ಬಿಚ್ಚಿಸಿ ಗ್ರೀಸ್ ಹಾಕಿಸಲಿ. ಕಲಿಸಲು ಊರೂರಿನಲ್ಲೂ ನಮ್ಮ ಕಾಕನ ಹಾಗಿನ ಹಿರಿಯರು ಇನ್ನೂ ಇದ್ದಾರೆ. ಕರೆದರೆ ಬರುತ್ತಾರೆ. ನಾನು ಕರೆದಾಗ ಕಾಕ ತಮ್ಮ ಹಳೇ ಸ್ಪಾನರ್ ಕಟ್ಟನ್ನು ಗೋಣಿ ಚೀಲದಿಂದ ತೆಗೆದು, ಒರೆಸಿಕೊಂಡೇ ಬಂದರು. ಸೈಕಲ್ ಮಾರುವ ಅಂಗಡಿಯವರೂ ಪೆಡಲ್ ಹಾಕುವಾಗ ತಿರುಪಿಗೆ ಒಂದು ಬೆರಳು ಗ್ರೀಸ್ ಹಚ್ಚಲಿ. ಕೊಳ್ಳುವವರು ಎದುರಿಗೆ ನಿಂತು 'ಗ್ರೀಸ್ ಹಾಕಿದ್ರಾ' ಅಂತ ಕೇಳಲಿ.

ನಮ್ಮ ತೋಟದಲ್ಲಿ ಆಯುಧ ಪೂಜೆಯ ಹಿಂದಿನ ಭಾನುವಾರ ಸ್ಟೋರ್ ಮುಂದಿನ ಶೆಡ್ಡಿನಲ್ಲಿ ಲೈನಿನ ಮಕ್ಕಳ ಸೈಕಲ್ ಎಲ್ಲ ಬಿಚ್ಚುತ್ತೇವೆ. ಸಾಹುಕಾರರು ಡೀಸೆಲ್, ಗ್ರೀಸ್ ಕೊಡುತ್ತೇನೆ ಅಂದಿದ್ದಾರೆ. ಇದುವರೆಗೆ ಹನ್ನೊಂದು ಮಕ್ಕಳು ಹೆಸರು ಬರೆಸಿದ್ದಾರೆ, ಎಡಗಡೆ ಪೆಡಲ್ ಬಿಚ್ಚುವುದನ್ನು ಮಗಳು ತೋರಿಸುತ್ತಾಳೆ.

ಇಂತಿ,
ಒಬ್ಬ ಓದುಗ, ಸುಂಟಿಕೊಪ್ಪ ಕಡೆಯಿಂದ